ಅಪಾರ್ಟ್‌ಮೆಂಟಿಗೆ ಡಿಶ್ ಆಂಟೆನಾ: ಮೊದಲು ಆಗ್ನೇಯ ಮೂಲೆಗೆ ಹೋಗಿ ನಿಂತು ನೋಡಿ

ಅಮ್ಮ ಹಾಸನ ಜಿಲ್ಲೆಯ ಚನ್ನರಾಯಪಟ್ಟಣದ ಮನೆ ಬಿಟ್ಟು ನಮ್ಮ ಜೊತೆ ಇರಲು ಬಂದಾಗ ಕೇಳಿದ್ದು ಎರಡೇ. ತುಳಸಿ ಕುಂಡಕ್ಕೆ ಬಿಸಿಲು ಬೀಳುವ ಜಾಗ, ಟಿವಿಯಲ್ಲಿ ಚಂದನ. ನಮ್ಮದು ಬೆಂಗಳೂರಿನ ಕತ್ರಿಗುಪ್ಪೆಯಲ್ಲಿ ಹದಿನಾರು ಮನೆಗಳ ಸಣ್ಣ ಅಪಾರ್ಟ್‌ಮೆಂಟ್. ನಾವಿರುವುದು ಮೊದಲ ಮಹಡಿ. ಟಿವಿಗೆ ವೈಫೈ ಇದೆ, ಆ್ಯಪ್‌ಗಳಿವೆ. ಆದರೆ ಎಪ್ಪತ್ತೆಂಟು ವಯಸ್ಸಿನ ಅಮ್ಮನಿಗೆ ಬೇಕಾದ್ದು ಒಂದು ಬಟನ್ ಒತ್ತಿದರೆ ವಾರ್ತೆ, ಇನ್ನೊಂದು ಸಲ ಒತ್ತಿದರೆ ‘ಥಟ್ ಅಂತ ಹೇಳಿ’. ಅವರಿಗಾಗಿ ಡಿಶ್ ಹಾಕಲು ಹೊರಟೆ. ಪಾಲಿಟೆಕ್ನಿಕ್‌ನಲ್ಲಿ ಹದಿನೆಂಟು ವರ್ಷ ಎಲೆಕ್ಟ್ರಾನಿಕ್ಸ್ ಲ್ಯಾಬ್ ನೋಡಿಕೊಂಡವಳು ನಾನು. ಆದರೂ ಮೊದಲ ಸಲ ತಪ್ಪು ಜಾಗದಲ್ಲಿ ಹಾಕಿದೆ. ಅದಾದ ಮೇಲೆ ನಮ್ಮ ಕಟ್ಟಡದಲ್ಲೇ ಏಳು ಮನೆಗೆ ಜಾಗ ನೋಡಿಕೊಟ್ಟಿದ್ದೇನೆ. ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಆನ್‌ಲೈನ್‌ನಲ್ಲಿ ಕಾಗದದಷ್ಟು ತೆಳ್ಳಗಿನ ಒಂದು ಆಂಟೆನಾ ಮಾರುತ್ತಾರೆ. ಕಿಟಕಿಗೆ ಅಂಟಿಸಿದರೆ ನೂರಾರು ಚಾನೆಲ್ ಪುಕ್ಕಟೆ ಬರುತ್ತದೆ ಅಂತ ಬರೆದಿರುತ್ತಾರೆ. ದಯವಿಟ್ಟು ಕೊಳ್ಳಬೇಡಿ. ನನ್ನ ತಮ್ಮ ತರಿಸಿದ್ದ. ಒಂದು ಭಾನುವಾರ ಪೂರ್ತಿ ಅದನ್ನು ಹಾಲ್‌ನಿಂದ ರೂಮಿಗೆ, ರೂಮಿನಿಂದ ಬಾಲ್ಕನಿಗೆ ಹಿಡಿದುಕೊಂಡು ಓಡಾಡಿದ. ಒಂದೇ ಒಂದು ಚಾನೆಲ್ ಬರಲಿಲ್ಲ. ಆಂಟೆನಾ ಕೆಟ್ಟಿರಲಿಲ್ಲ, ಅದಕ್ಕೆ ಹಿಡಿಯಲು ಇಲ್ಲಿ ಏನೂ ಇಲ್ಲ, ಅಷ್ಟೇ. ಅಮೆರಿಕದಂಥ ಕಡೆ ಖಾಸಗಿ ಚಾನೆಲ್‌ಗಳೂ ಊರಿನ ಟವರ್‌ನಿಂದಲೇ ಪ್ರಸಾರವಾಗುತ್ತವೆ. ನಮ್ಮಲ್ಲಿ ಟವರ್‌ನಿಂದ ಟಿವಿ ಪ್ರಸಾರ ಮಾಡಿದ್ದು ದೂರದರ್ಶನ ಮಾತ್ರ. ಅದರ ಹಳೇ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನೂ 2022ರ ಹೊತ್ತಿಗೆ ದೇಶದಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ನಿಲ್ಲಿಸಿದರು. 2016ರಲ್ಲಿ ಬೆಂಗಳೂರೂ ಸೇರಿ 16 ನಗರಗಳಲ್ಲಿ ಡಿಜಿಟಲ್ ಟವರ್ ಪ್ರಸಾರ ಶುರುವಾಗಿತ್ತು, ನಿಜ. ಅದರಲ್ಲೂ ಇದ್ದದ್ದು ದೂರದರ್ಶನದ ಬೆರಳೆಣಿಕೆಯ ಚಾನೆಲ್‌ಗಳು, ಅದಕ್ಕೂ ಬೇರೆ ಟ್ಯೂನರ್ ಬೇಕು. ಅದನ್ನು ನಂಬಿ ಈಗ ದುಡ್ಡು ಹಾಕಬೇಡಿ.

ಹಾಗಾಗಿ ನಮಗೆ ಉಳಿದದ್ದು ಡಿಶ್. ತಿಂಗಳ ಬಾಡಿಗೆ ಬೇಡ, ಚಂದನ ಬಂದರೆ ಸಾಕು ಎನ್ನುವವರಿಗೆ ಡಿಡಿ ಫ್ರೀ ಡಿಶ್. 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಅನ್ನುವ ಹೆಸರಿನಲ್ಲಿ ಶುರುವಾದದ್ದು ಇದೇ. ಡಿಶ್, ಬಾಕ್ಸ್, ಕೇಬಲ್ ಎಲ್ಲ ಸೇರಿ 2,000 ರೂಪಾಯಿ ಆಸುಪಾಸಿನಲ್ಲಿ ಮುಗಿಯುತ್ತದೆ. ಆಮೇಲೆ ರೀಚಾರ್ಜ್ ಅನ್ನುವ ಮಾತೇ ಇಲ್ಲ. ಮನೆಯಲ್ಲಿ ದೊಡ್ಡ ಚಾನೆಲ್‌ಗಳ ಧಾರಾವಾಹಿ, ಕ್ರಿಕೆಟ್ಟು ಬೇಕೇ ಬೇಕು ಅಂದರೆ ಇದು ಸಾಲದು, ದುಡ್ಡು ಕೊಡುವ ಡಿಟಿಎಚ್ ಹಾಕಿಸಿ. ಯಾವುದನ್ನೇ ಹಾಕಿಸಿ, ಮುಂದೆ ಹೇಳುವ ಆಕಾಶದ ಲೆಕ್ಕ ಮಾತ್ರ ತಪ್ಪಿದ್ದಲ್ಲ.

ಅಂಗಡಿಗೆ ಹೋದರೆ ಎರಡು ಅಡಿ ಡಿಶ್ಶೋ ಮೂರು ಅಡಿಯದೋ ಅಂತ ಕೇಳುತ್ತಾರೆ. ಅದಕ್ಕಿಂತ ಮೊದಲು ಮನೆಯಲ್ಲೇ ಒಂದು ಕೆಲಸ ಮಾಡಿ. ನಿಮ್ಮ ಮನೆಯಿಂದ ಆಗ್ನೇಯ ದಿಕ್ಕಿನ ಆಕಾಶ ಕಾಣುತ್ತದಾ ನೋಡಿ. ಫ್ರೀ ಡಿಶ್ ಬರುವುದು ಜಿಸ್ಯಾಟ್-15 ಅನ್ನುವ ಉಪಗ್ರಹದಿಂದ. 2015ರ ನವೆಂಬರ್‌ನಲ್ಲಿ ಹಾರಿಸಿದ್ದು. ಭೂಮಧ್ಯರೇಖೆಯ ಮೇಲೆ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ ಇದೆ. ಇಂಥ ಉಪಗ್ರಹಗಳನ್ನು ಹದ್ದುಬಸ್ತಿನಲ್ಲಿ ಇಡುವುದು ನಮ್ಮ ಹಾಸನದ ಇಸ್ರೋ ಕೇಂದ್ರ. ಇದನ್ನು ಹೇಳಿದಾಗ ಅಮ್ಮನಿಗೆ ಊರಿನವರೇ ಟಿವಿ ಕಳಿಸುತ್ತಿದ್ದಾರೆ ಅನ್ನುವಷ್ಟು ಖುಷಿ!

ಬೆಂಗಳೂರಿನಲ್ಲಿ ನಿಂತರೆ ಆ ಉಪಗ್ರಹ ಉತ್ತರದಿಂದ ಬಲಕ್ಕೆ ಸುಮಾರು 128 ಡಿಗ್ರಿಯಲ್ಲಿ, ನೆಲದಿಂದ 66 ಡಿಗ್ರಿ ಮೇಲೆ ಇರುತ್ತದೆ. 128 ಡಿಗ್ರಿ ಅಂದರೆ ಪೂರ್ವಕ್ಕೂ ದಕ್ಷಿಣಕ್ಕೂ ನಡುವೆ, ಹೆಚ್ಚುಕಡಿಮೆ ಸರಿಯಾಗಿ ಆಗ್ನೇಯ. ಬೆಂಗಳೂರಿನ ಅಪಾರ್ಟ್‌ಮೆಂಟಿನವರಿಗೆ ಇಲ್ಲಿ ಒಂದು ಅನುಕೂಲ ಇದೆ. ಇಲ್ಲಿನ ಬಿಲ್ಡರ್‌ಗಳು ವಾಸ್ತು ನೋಡಿಯೇ ಕಟ್ಟುವುದು. ವಾಸ್ತು ಪ್ರಕಾರ ಆಗ್ನೇಯ ಮೂಲೆ ಅಗ್ನಿಯದು, ಅಲ್ಲಿ ಅಡುಗೆಮನೆ. ಅಡುಗೆಮನೆ ಅಂದ ಮೇಲೆ ಪಕ್ಕದಲ್ಲಿ ಯುಟಿಲಿಟಿ ಇದ್ದೇ ಇರುತ್ತದೆ, ವಾಷಿಂಗ್ ಮೆಷೀನ್ ಇಟ್ಟು ಬಟ್ಟೆ ಒಣಗಿಸುವ ಜಾಗ. ಎಷ್ಟೋ ಮನೆಗಳಲ್ಲಿ ಡಿಶ್‌ಗೆ ಸರಿಯಾದ ಜಾಗ ಅದೇ. ಎಲ್ಲರೂ ಹಾಲ್‌ನ ಬಾಲ್ಕನಿಯಲ್ಲೇ ಒದ್ದಾಡುತ್ತಾರೆ. ಯುಟಿಲಿಟಿ ಕಡೆ ಯಾರೂ ತಲೆ ಎತ್ತಿ ನೋಡಿರುವುದಿಲ್ಲ.

ಈಗ ಆ 66 ಡಿಗ್ರಿ ಎಲ್ಲಿ ಅಂತ ಕಣ್ಣಲ್ಲೇ ನೋಡುವುದು ಹೇಗೆ? ಮಗಳ ಜಾಮೆಟ್ರಿ ಬಾಕ್ಸಿನಿಂದ ಪ್ರೊಟ್ರಾಕ್ಟರ್ ತೆಗೆದುಕೊಂಡೆ. ಅದರ ನೇರ ಅಂಚಿನ ನಡುವಿನ ತೂತಿಗೆ ಹೊಲಿಗೆ ದಾರ ಕಟ್ಟಿದೆ. ದಾರದ ತುದಿಗೆ ಒಂದು ನಟ್. ಪ್ರೊಟ್ರಾಕ್ಟರನ್ನು ಮಗುಚಿ, ನೇರ ಅಂಚು ಮೇಲೆ ಬರುವಂತೆ ಕಣ್ಣಿನ ಹತ್ತಿರ ಹಿಡಿಯಿರಿ. ಸಮ ಹಿಡಿದಾಗ ದಾರ 90ರ ಗೆರೆ ಮೇಲೆ ಇಳಿಬೀಳುತ್ತದೆ. ಈಗ ಫೋನಿನ ಕಂಪಾಸ್‌ನಲ್ಲಿ 128 ಡಿಗ್ರಿ ನೋಡಿ ಆ ಕಡೆ ಮುಖ ಮಾಡಿ, ನೇರ ಅಂಚಿನ ಮೇಲೆ ಕಣ್ಣಿಟ್ಟು ನಿಧಾನಕ್ಕೆ ಮೇಲೆ ಎತ್ತುತ್ತಾ ಹೋಗಿ. ದಾರ 90ರಿಂದ 66 ಗೆರೆ ಸರಿದು 24ರ ಮೇಲೆ ನಿಂತಾಗ ಅಂಚಿನ ಆಚೆ ಏನು ಕಾಣುತ್ತದೋ ಅದೇ ಉಪಗ್ರಹದ ಜಾಗ. ಬರೀ ಆಕಾಶ ಕಂಡರೆ ಗೆದ್ದಿರಿ. ಸಜ್ಜಾ, ಗೋಡೆ, ನೀರಿನ ಟ್ಯಾಂಕ್, ಮರದ ಕೊಂಬೆ ಕಂಡರೆ ಎರಡು ಹೆಜ್ಜೆ ಅತ್ತಿತ್ತ ಸರಿದು ಮತ್ತೆ ನೋಡಿ. ಫೋನಿನ ಕಂಪಾಸ್ ಕಬ್ಬಿಣದ ಗ್ರಿಲ್ ಹತ್ತಿರ ಸುಳ್ಳು ಹೇಳುತ್ತದೆ. ಮನೆ ಮಧ್ಯೆ ನಿಂತು ದಿಕ್ಕು ಗುರುತು ಮಾಡಿಕೊಂಡು ಆಮೇಲೆ ಯುಟಿಲಿಟಿಗೆ ಬನ್ನಿ.

ವರ್ಷಕ್ಕೆ ಎರಡು ಸಲ ಸೂರ್ಯನೇ ಈ ಕೆಲಸ ಮಾಡಿಕೊಡುತ್ತಾನೆ. ಮಾರ್ಚ್ 15ರ ಆಸುಪಾಸು ಬೆಳಗ್ಗೆ ಸುಮಾರು 11.15ಕ್ಕೆ, ಸೆಪ್ಟೆಂಬರ್ 29ರ ಆಸುಪಾಸು ಸುಮಾರು 10.55ಕ್ಕೆ, ಬೆಂಗಳೂರಿನಿಂದ ನೋಡಿದರೆ ಸೂರ್ಯ ಸರಿಯಾಗಿ ಈ ಉಪಗ್ರಹದ ಹಿಂದೆ ಬರುತ್ತಾನೆ. ಆ ಹೊತ್ತಿಗೆ ಎಲ್ಲಿ ಬಿಸಿಲು ಬಿದ್ದಿರುತ್ತದೋ ಅಲ್ಲಿ ಇಟ್ಟ ಡಿಶ್‌ಗೆ ಸಿಗ್ನಲ್ ಸಿಗುತ್ತದೆ. ನಾನು ಅಂಥ ದಿನ ನೋಡಿದಾಗ ನಮ್ಮ ಯುಟಿಲಿಟಿಯಲ್ಲಿ ಅಮ್ಮನ ತುಳಸಿ ಕುಂಡದ ಮೇಲೆ ನೇರ ಬಿಸಿಲು ಬಿದ್ದಿತ್ತು. ಹಾಲ್‌ನ ಬಾಲ್ಕನಿಯಲ್ಲಿ ನೆರಳಿತ್ತು. ಇನ್ನೊಂದು ಮಾತೂ ಹೇಳಿಬಿಡುತ್ತೇನೆ. ಇದೇ ದಿನಗಳಲ್ಲಿ, ಇದೇ ಹೊತ್ತಿಗೆ, ಕೆಲವು ನಿಮಿಷ ಚಿತ್ರ ಒಡೆದು ನಿಂತುಹೋಗಬಹುದು. ಸೂರ್ಯನ ಶಾಖದ ಗದ್ದಲದಲ್ಲಿ ಉಪಗ್ರಹದ ಸಣ್ಣ ದನಿ ಮುಚ್ಚಿಹೋಗುತ್ತದೆ. ಡಿಶ್ ಮುಟ್ಟಬೇಡಿ, ಯಾರನ್ನೂ ಕರೆಸಬೇಡಿ, ತಾನೇ ಸರಿಹೋಗುತ್ತದೆ.

ನನ್ನ ತಪ್ಪು ಆಗಿದ್ದು ಆ ಹಾಲ್‌ನ ಬಾಲ್ಕನಿಯಲ್ಲೇ. ಫೆಬ್ರವರಿಯಲ್ಲಿ ಅಲ್ಲಿ ಡಿಶ್ ಹಾಕಿದೆ. ಮುಂದೆ ರಸ್ತೆ ಬದಿಯಲ್ಲಿ ದೊಡ್ಡ ಹೊಂಗೆ ಮರ ಇದೆ. ಆಗ ಎಲೆ ಎಲ್ಲ ಉದುರಿ ಬೋಳಾಗಿತ್ತು. ಕೊಂಬೆಗಳ ನಡುವೆ ಆಕಾಶ ಚೆನ್ನಾಗಿ ಕಾಣುತ್ತಿತ್ತು, ಬಾಕ್ಸ್ ತೋರಿಸುವ ಸಿಗ್ನಲ್ ಕ್ವಾಲಿಟಿ ಎಂಬತ್ತರ ಹತ್ತಿರ ಬರುತ್ತಿತ್ತು. ಯುಗಾದಿ ಹೊತ್ತಿಗೆ ಹೊಂಗೆ ಚಿಗುರಿತು. ದಿನಾ ಒಂದೊಂದೇ ಚಾನೆಲ್ ಒಡೆಯಲು ಶುರುವಾಯಿತು. ಹಬ್ಬ ಕಳೆದು ಮೊದಲ ಮಳೆ ಬಿದ್ದ ಸಂಜೆ, ಒದ್ದೆ ಎಲೆಗಳ ಹಿಂದೆ ಎಲ್ಲ ಹೋಯಿತು. “ಮರ ತಾನೇ ಅಡ್ಡ ಇರೋದು, ಕಡಿಸಿಬಿಡಿ ಮೇಡಂ” ಅಂದರು ಪಕ್ಕದ ಮನೆಯ ಅಂಕಲ್. ಅಷ್ಟು ನೆರಳು ಕೊಡುವ ಮರ ಅದು, ನನಗೆ ಮನಸ್ಸು ಬರಲಿಲ್ಲ. ಡಿಶ್ಶನ್ನೇ ಬಿಚ್ಚಿ ಯುಟಿಲಿಟಿಗೆ ತಂದೆ. ಅಲ್ಲಿ ಹಿಂದಿನ ಸೈಟಿನಲ್ಲಿ ಒಂದೇ ಅಂತಸ್ತಿನ ಹಳೇ ಮನೆ, ಮೇಲೆಲ್ಲ ತೆರೆದ ಆಕಾಶ. ನೀವು ಬೇಸಿಗೆಗೆ ಮೊದಲು ಜಾಗ ನೋಡುತ್ತಿದ್ದರೆ ಬೋಳು ಮರವನ್ನೂ ತುಂಬಿದ ಮರ ಅಂತಲೇ ಲೆಕ್ಕ ಹಾಕಿ.

ಮರ ಬಿಟ್ಟರೆ ಎದುರು ಕಟ್ಟಡದ ಚಿಂತೆ. ಇಲ್ಲಿ ಜನ ಸುಮ್ನೆ ಹೆದರುತ್ತಾರೆ. ಉಪಗ್ರಹ ಅಷ್ಟು ಮೇಲೆ ಇರುವುದರಿಂದ, ಎದುರು ಗೋಡೆ 10 ಅಡಿ ದೂರ ಇದ್ದರೆ ಅದು ನಿಮ್ಮ ಡಿಶ್‌ಗಿಂತ 22 ಅಡಿ ಎತ್ತರದವರೆಗೆ ಇದ್ದರೂ ತೊಂದರೆ ಇಲ್ಲ. ದೂರವನ್ನು ಎರಡೂಕಾಲರಿಂದ ಗುಣಿಸಿ, ಅಷ್ಟೇ. ಆದರೆ ನಮ್ಮೂರಲ್ಲಿ ಎರಡು ಕಟ್ಟಡದ ನಡುವೆ ಐದಾರು ಅಡಿ ಮಾತ್ರ ಬಿಟ್ಟಿರುವುದೂ ಉಂಟು. ಆಗ ಲೆಕ್ಕ 13 ಅಡಿಗೆ ಇಳಿಯುತ್ತದೆ, ಅಂದರೆ ನಿಮಗಿಂತ ಒಂದು ಮಹಡಿ ಜಾಸ್ತಿ ಇದ್ದರೂ ಕಷ್ಟವೇ. ಹಿಂದಿನ ಹಳೇ ಮನೆಯವರು ನಾಳೆ ನಾಲ್ಕು ಅಂತಸ್ತು ಕಟ್ಟಿದರೆ ನಾನೂ ಟೆರೇಸ್ ಹತ್ತಬೇಕು.

ಎದುರು ಗೋಡೆಗಿಂತ ಜಾಸ್ತಿ ಕಾಡುವುದು ತಲೆ ಮೇಲಿನ ಸ್ಲ್ಯಾಬ್. ಮೇಲಿನ ಮನೆಯ ಬಾಲ್ಕನಿ ನಿಮ್ಮ ಡಿಶ್‌ನಿಂದ 7 ಅಡಿ ಮೇಲೆ ಇದೆ ಅಂದುಕೊಳ್ಳಿ. ಉಪಗ್ರಹದ ಕಡೆಗೆ ಸ್ಲ್ಯಾಬಿನ ಅಂಚು ಡಿಶ್‌ನಿಂದ 3 ಅಡಿ ಒಳಗೇ ಮುಗಿಯಬೇಕು. ಅದಕ್ಕಿಂತ ಒಳಗೆ ಡಿಶ್ ಇಟ್ಟರೆ ಅದು ಮೇಲಿನವರ ನೆಲವನ್ನು ನೋಡುತ್ತಾ ಕೂರುತ್ತದೆ. ಹಾಗಾಗಿ ರೇಲಿಂಗ್‌ಗೆ ಆದಷ್ಟು ಹತ್ತಿರ, ಸಾಧ್ಯವಾದರೆ ಗ್ರಿಲ್‌ನಿಂದ ಆಚೆ. ಗ್ರಿಲ್ ಹಿಂದೆ, ಸೊಳ್ಳೆ ಜಾಲರಿ ಹಿಂದೆ, ಕಿಟಕಿ ಗಾಜಿನ ಹಿಂದೆ ಇಟ್ಟು ನೋಡೋಣ ಅನ್ನುವವರು ತುಂಬಾ ಜನ. ಬಣ್ಣದ ಗಾಜು, ಲೋಹದ ಜಾಲರಿ ಎರಡೂ ಸಿಗ್ನಲ್ ತಿನ್ನುತ್ತವೆ. ಆ ಪ್ರಯತ್ನ ಬೇಡ.

ದುಡ್ಡು ಕೊಡುವ ಡಿಟಿಎಚ್‌ನವರಿಗೆ ಈ ಅಳತೆ ಬೇರೆ. ಟಾಟಾ ಪ್ಲೇ 83 ಡಿಗ್ರಿ ಪೂರ್ವದ ಉಪಗ್ರಹದಿಂದ ಬರುತ್ತದೆ. ಬೆಂಗಳೂರಿನಿಂದ ಅದು ದಕ್ಷಿಣಕ್ಕೆ ಹತ್ತಿರ, 157 ಡಿಗ್ರಿ ದಿಕ್ಕು, 73 ಡಿಗ್ರಿಗಿಂತ ಮೇಲೆ, ಅಂದರೆ ಹೆಚ್ಚುಕಡಿಮೆ ನೆತ್ತಿ ಕಡೆ. ಸ್ಲ್ಯಾಬ್ ಕೆಳಗೆ ಇದು ತುಂಬಾ ಕಷ್ಟ, ಆದರೆ ಎದುರು ಕಟ್ಟಡದ ಕಾಟ ಕಡಿಮೆ. ಏರ್‌ಟೆಲ್ 108.2 ಡಿಗ್ರಿಯಿಂದ. ಅದು ಪೂರ್ವಕ್ಕೆ ಹತ್ತಿರ, 111 ಡಿಗ್ರಿ ದಿಕ್ಕು, 52 ಡಿಗ್ರಿಯಷ್ಟೇ ಮೇಲೆ. ಪೂರ್ವಕ್ಕೆ ತೆರೆದ, ಮೇಲೆ ಸ್ಲ್ಯಾಬ್ ಇರುವ ಬಾಲ್ಕನಿಯಲ್ಲಿ ಅದಕ್ಕೆ ಅವಕಾಶ ಜಾಸ್ತಿ. ಪ್ಯಾಕ್ ನೋಡಿ ಕಂಪನಿ ಆರಿಸುವ ಬದಲು ಬಾಲ್ಕನಿ ನೋಡಿ ಆರಿಸಿ ಅಂತ ನಾನು ಹೇಳುವುದು ಇದಕ್ಕೇ. ಪ್ಯಾಕ್ ಯಾವಾಗ ಬೇಕಾದರೂ ಬದಲಾಯಿಸಬಹುದು, ಬಾಲ್ಕನಿ ತಿರುಗಿಸೋಕೆ ಆಗಲ್ಲ ಅಲ್ವಾ? ಮನೆ ಪಶ್ಚಿಮಕ್ಕೋ ಉತ್ತರಕ್ಕೋ ಮಾತ್ರ ತೆರೆದಿದ್ದರೆ ಈ ಮೂರೂ ಆಗುವುದಿಲ್ಲ. ನಿಮ್ಮ ದಾರಿ ಟೆರೇಸ್.

ಟೆರೇಸ್ ಅಂದರೆ ಅಸೋಸಿಯೇಷನ್. ಟೆರೇಸ್ ಎಲ್ಲರ ಜಾಗ. ಕಾರ್ಯದರ್ಶಿಗೆ ಒಂದು ಪತ್ರ ಬರೆದು ಕೊಡಿ, ಬಾಯಿ ಮಾತು ಸಾಲದು. ಪತ್ರದಲ್ಲಿ ಎರಡು ವಿಷಯ ಇರಲಿ: ಸ್ಲ್ಯಾಬಿಗೆ ಡ್ರಿಲ್ ಹಾಕುವುದಿಲ್ಲ, ಕೇಬಲ್ ಡಕ್ಟ್‌ನಲ್ಲೇ ಇಳಿಸುತ್ತೇನೆ. ಟೆರೇಸಿನ ವಾಟರ್‌ಪ್ರೂಫಿಂಗ್‌ಗೆ ತೂತು ಬಿದ್ದರೆ ಮೇಲಿನ ಮನೆಯವರ ಸೀಲಿಂಗ್ ಸೋರುತ್ತದೆ, ಜಗಳ ಶುರುವಾಗುವುದೇ ಅಲ್ಲಿ. ಪ್ಯಾರಪೆಟ್ ಗೋಡೆಯ ಒಳಮುಖಕ್ಕೆ ಆಂಕರ್ ಬೋಲ್ಟ್ ಹಾಕಿಸಿ, ಇಲ್ಲದಿದ್ದರೆ ಕಾಂಕ್ರೀಟ್ ಬ್ಲಾಕ್ ಇಟ್ಟ ಸ್ಟ್ಯಾಂಡ್ ಮಾಡಿಸಿ. ಆಷಾಢದ ಗಾಳಿಗೆ ಸಡಿಲ ಡಿಶ್ ಹತ್ತು ದಿನ ನಿಲ್ಲುವುದಿಲ್ಲ.

ನಾಲ್ಕು ಮನೆಯವರು ಒಪ್ಪಿದರೆ ಒಂದೇ ಡಿಶ್ ಸಾಕು. ಡಿಶ್ ಮುಂದೆ ತೋಳಿನ ತುದಿಯಲ್ಲಿ ಇರುತ್ತದಲ್ಲ, ಸಿಗ್ನಲ್ ಹಿಡಿದು ಕೇಬಲ್‌ಗೆ ಕೊಡುವ ಎಲ್‌ಎನ್‌ಬಿ, ಅದರಲ್ಲಿ ನಾಲ್ಕು ಔಟ್‌ಪುಟ್ ಇರುವ ಕ್ವಾಡ್ ಅಂತ ಸಿಗುತ್ತದೆ. ಒಂದೊಂದು ಮನೆಗೆ ಒಂದೊಂದು ಕೇಬಲ್. ನಮ್ಮ ಮೇಲಿನ ಮೂರನೇ ಮಹಡಿಯ ನಾಲ್ಕು ಮನೆಗೆ ಹೀಗೇ ಮಾಡಿದೆವು, ಟೆರೇಸ್ ಕಾಡಿನಂತೆ ಆಗುವುದು ತಪ್ಪಿತು. ಸಾಮಾನ್ಯ ಕೇಬಲ್ ಟಿವಿಯ ಸ್ಪ್ಲಿಟರ್ ಹಾಕಿ ಎರಡು ಮನೆಗೆ ಹಂಚಬೇಡಿ. ಯಾವ ಚಾನೆಲ್ ಬೇಕು ಅಂತ ಬಾಕ್ಸ್ ಆ ಕೇಬಲ್‌ನಲ್ಲೇ ಎಲ್‌ಎನ್‌ಬಿಗೆ ವೋಲ್ಟೇಜ್ ಕಳಿಸಿ ಹೇಳುತ್ತದೆ. ಎರಡು ಬಾಕ್ಸ್ ಎರಡು ಮಾತು ಹೇಳಿದರೆ ಪಾಪ ಅದು ಯಾರ ಮಾತು ಕೇಳಬೇಕು?

ಈಗ ಕೊಳ್ಳಲು ಹೋಗಬಹುದು. ನಾನು ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್‌ಪಿ ರೋಡಿಗೆ ಹೋಗಿದ್ದೆ. ಡಿಶ್ 60 ಸೆಂಟಿಮೀಟರ್, ಅಂದರೆ ಎರಡು ಅಡಿಯದು, ಬೆಂಗಳೂರಿಗೆ ಸಾಕು. ಬಾಲ್ಕನಿಗೂ ಅದೇ ಹೊಂದುತ್ತದೆ. ಟೆರೇಸ್‌ನಲ್ಲಿ ಜಾಗ ಇದ್ದರೆ, ನಾಲ್ಕು ಮನೆಗೆ ಹಂಚುವುದಾದರೆ, 90ರದ್ದು ತೆಗೆದುಕೊಳ್ಳಿ. ಅದರ ಅಗಲ ಒಂದೂವರೆ ಪಟ್ಟು, ಆದರೆ ಸಿಗ್ನಲ್ ಹಿಡಿಯುವ ಮುಖ ಎರಡೂಕಾಲು ಪಟ್ಟು. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಮಳೆಗೆ ಎಲ್ಲ ಡಿಶ್‌ಗಳೂ ಒಂದಷ್ಟು ಹೊತ್ತು ಸೋಲುತ್ತವೆ. ದೊಡ್ಡದು ತಡವಾಗಿ ಸೋಲುತ್ತದೆ, ಬೇಗ ಎದ್ದು ನಿಲ್ಲುತ್ತದೆ. ಅಂಚು ಬಾಗಿದ, ಪೆಟ್ಟು ತಿಂದ ಡಿಶ್ ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ. ನೆಲದ ಮೇಲೆ ಬೋರಲು ಹಾಕಿ ನೋಡಿ, ಅಂಚು ಸುತ್ತಲೂ ನೆಲ ಮುಟ್ಟಬೇಕು.

ಬಾಕ್ಸ್ ಕೇಳುವಾಗ “ಎಂಪೆಗ್-4 ಕೊಡಿ” ಅಂತ ಬಾಯಿ ಬಿಟ್ಟು ಕೇಳಿ. ಎಂಪೆಗ್ ಅಂದರೆ ಚಿತ್ರವನ್ನು ಕುಗ್ಗಿಸಿ ಕಳಿಸುವ ವಿಧಾನ, 4 ಹೊಸದು. ಹಳೇ ಎಂಪೆಗ್-2 ಬಾಕ್ಸ್ ಕಡಿಮೆ ಬೆಲೆಗೆ ಸಿಗುತ್ತದೆ, ಅದರಲ್ಲಿ ಕೆಲವು ಚಾನೆಲ್ ಬರುವುದೇ ಇಲ್ಲ. ಹೊಸ ಟಿವಿ ಇದ್ದರೆ ಹಿಂಭಾಗ ನೋಡಿ, ತಿರುಪಿನ ಗೆರೆ ಇರುವ ತೂತಿನ ಪಕ್ಕ ಸ್ಯಾಟಲೈಟ್ ಅಂತ ಬರೆದಿದ್ದರೆ ಒಳಗೇ ಟ್ಯೂನರ್ ಇದೆ. ಮೊದಲು ಕೇಬಲ್ ನೇರ ಅದಕ್ಕೇ ಚುಚ್ಚಿ ನೋಡಿ, ಬಾಕ್ಸ್ ಬೇಡವೇ ಆಗಬಹುದು. ಅಮ್ಮನಂಥವರಿಗೆ ಒಂದೇ ರಿಮೋಟ್ ಅಂದರೆ ದೊಡ್ಡ ನೆಮ್ಮದಿ.

ಕೇಬಲ್‌ನಲ್ಲಿ ಮಾತ್ರ ಉಳಿತಾಯ ಮಾಡಬೇಡಿ. ಆರ್‌ಜಿ-6 ಕೇಳಿ, ಒಳಗಿನ ತಂತಿ ತಾಮ್ರದ್ದಿರಲಿ. ತುದಿಗೆ ಎಫ್ ಕನೆಕ್ಟರ್ ಹಾಕುವಾಗ ಹೊರಗಿನ ಹೆಣಿಗೆಯ ಒಂದೇ ಒಂದು ಎಳೆ ನಡುವಿನ ತಂತಿಗೆ ತಾಗಿದರೂ ಎಲ್ಲ ಸತ್ತಂತೆ. ಕೇಬಲ್ ಮನೆಯೊಳಗೆ ನುಗ್ಗುವ ಮುಂಚೆ ಕೆಳಗೆ ಒಂದು ಸಣ್ಣ ಬಳುಕು ಬಿಡಿ. ಮಳೆ ನೀರು ಕೇಬಲ್ ಹಿಡಿದು ಬಂದು ಅಲ್ಲೇ ತೊಟ್ಟಿಕ್ಕುತ್ತದೆ, ಗೋಡೆಯೊಳಗೆ ಬರುವುದಿಲ್ಲ.

ತಿರುಗಿಸುವ ಕೆಲಸ ಇಬ್ಬರದು. ಒಬ್ಬರು ಡಿಶ್ ಹತ್ತಿರ, ಇನ್ನೊಬ್ಬರು ಟಿವಿ ಮುಂದೆ, ನಡುವೆ ಫೋನ್. ಗ್ರಿಲ್‌ನಿಂದ ಆಚೆ ಬಗ್ಗಿ ಮಾಡುವ ಕೆಲಸವಾದರೆ ದಯವಿಟ್ಟು ಬೆಲ್ಟ್ ಹಾಕಿಕೊಳ್ಳುವ ಕೆಲಸಗಾರರನ್ನೇ ಕರೆಸಿ. ಬಾಕ್ಸ್ ಮೆನುವಿನಲ್ಲಿ ಜಿಸ್ಯಾಟ್-15 ಆರಿಸಿ, ಹಳೇ ಬಾಕ್ಸ್‌ಗಳಲ್ಲಿ ಅದೇ ಜಾಗಕ್ಕೆ ಇನ್ಸಾಟ್-4ಬಿ ಅಂತ ಇರುತ್ತದೆ. ತೆರೆಯ ಮೇಲೆ ಎರಡು ಪಟ್ಟಿ ಬರುತ್ತವೆ, ಸ್ಟ್ರೆಂಗ್ತ್ ಮತ್ತು ಕ್ವಾಲಿಟಿ. ಸ್ಟ್ರೆಂಗ್ತ್ ನೋಡಿ ಮೋಸ ಹೋಗಬೇಡಿ. ಕೇಬಲ್, ಎಲ್‌ಎನ್‌ಬಿ ಸರಿಯಿದ್ದರೆ ಡಿಶ್ ಗೋಡೆ ನೋಡುತ್ತಿದ್ದರೂ ಅದು ತುಂಬಿಯೇ ಇರುತ್ತದೆ. ಬೇಕಾದ್ದು ಕ್ವಾಲಿಟಿ.

ಇಲ್ಲಿ ಎಲ್ಲರೂ ತಪ್ಪುವುದು ಒಂದು ಕಡೆ. 66 ಡಿಗ್ರಿ ಅಂದೆನಲ್ಲ ಅಂತ ಡಿಶ್ಶನ್ನು ಆಕಾಶಕ್ಕೆ ಅಷ್ಟು ಎತ್ತಿಬಿಡುತ್ತಾರೆ. ನಮ್ಮ ಮನೆ ಡಿಶ್‌ಗಳು ಆಫ್‌ಸೆಟ್ ಜಾತಿಯವು. ಮುಖ ಎಲ್ಲಿ ನೋಡುತ್ತದೋ ಅದಕ್ಕಿಂತ ಇಪ್ಪತ್ತಕ್ಕೂ ಹೆಚ್ಚು ಡಿಗ್ರಿ ಮೇಲಿನಿಂದ ಸಿಗ್ನಲ್ ತೆಗೆದುಕೊಳ್ಳುತ್ತವೆ. ಹಾಗಾಗಿ ಮುಖ ಸುಮಾರು 42 ಡಿಗ್ರಿ ಎತ್ತಿದಂತೆ ಕಂಡರೆ ಸರಿ. ಎತ್ತರ ಅಲ್ಲಿಗೆ ಇಟ್ಟುಕೊಂಡು, ಎಡದಿಂದ ಬಲಕ್ಕೆ ಬೆರಳಗಲ ಬೆರಳಗಲ ತಿರುಗಿಸಿ. ಪ್ರತಿ ಸಲ ಎರಡು ಮೂರು ಸೆಕೆಂಡ್ ನಿಲ್ಲಿ, ಬಾಕ್ಸ್‌ಗೆ ಯೋಚಿಸಲು ಸಮಯ ಬೇಕು. ಸಿಗದಿದ್ದರೆ ಎತ್ತರ ಎರಡು ಡಿಗ್ರಿ ಬದಲಿಸಿ ಮತ್ತೆ ಅದೇ ಕೆಲಸ. ಕ್ವಾಲಿಟಿ ಎದ್ದ ಮೇಲೆ ಎಲ್‌ಎನ್‌ಬಿಯನ್ನು ಅದರ ಹಿಡಿಯಲ್ಲೇ ನಿಧಾನಕ್ಕೆ ತಿರುಗಿಸಿ. ಬೆಂಗಳೂರಿನಲ್ಲಿ ಅದು ನೆಟ್ಟಗೆ ಇರುವುದಿಲ್ಲ, ಸಾಕಷ್ಟು ಓರೆಯಾದಾಗಲೇ ಕ್ವಾಲಿಟಿ ತುದಿ ಮುಟ್ಟುತ್ತದೆ. ಇದೊಂದನ್ನು ಬಿಟ್ಟುಬಿಡುವ ಕೆಲಸಗಾರರೇ ಜಾಸ್ತಿ. ಬಿಸಿಲಲ್ಲಿ ಚೆನ್ನಾಗಿ ಬಂದು, ಹನಿ ಬಿದ್ದ ಕೂಡಲೇ ಹೋಗುವ ಡಿಶ್‌ಗಳ ಕಥೆ ಎಷ್ಟೋ ಸಲ ಇದೇ.

ನಟ್‌ಗಳನ್ನು ಒಂದೊಂದಾಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಒಂದನ್ನೇ ಪೂರ್ತಿ ತಿರುಗಿಸಿದರೆ ಡಿಶ್ ಆ ಕಡೆ ಎಳೆದುಕೊಂಡು ಕ್ವಾಲಿಟಿ ಇಳಿಯುತ್ತದೆ. ಬಿಗಿಯಾದ ಮೇಲೆ ಕಂಬ ಮತ್ತು ಹಿಡಿ ಸೇರುವಲ್ಲಿ ನೇಲ್ ಪಾಲಿಶ್‌ನಿಂದ ಒಂದು ಗೆರೆ ಎಳೆಯಿರಿ. ಗಾಳಿಗೆ ಅಲುಗಿದರೆ ಗೆರೆ ಎರಡಾಗಿ ಕಾಣುತ್ತದೆ, ಮತ್ತೆ ಕೂಡಿಸಿದರೆ ಆಯಿತು. ಫ್ರೀ ಡಿಶ್‌ನಲ್ಲಿ ಖಾಸಗಿ ಚಾನೆಲ್‌ಗಳ ಜಾಗ ಹರಾಜಿನಲ್ಲಿ ಬದಲಾಗುತ್ತಿರುತ್ತದೆ, ಹಾಗಾಗಿ ಒಂದು ಚಾನೆಲ್ ಕಾಣೆಯಾದರೆ ಡಿಶ್ ಮುಟ್ಟುವ ಮೊದಲು ಬಾಕ್ಸ್‌ನಲ್ಲಿ ಮರುಸ್ಕ್ಯಾನ್ ಕೊಡಿ.

ನಮ್ಮ ಬಾಕ್ಸ್‌ನ ಬೆನ್ನಿಗೆ ಒಂದು ಚೀಟಿ ಅಂಟಿಸಿದ್ದೇನೆ. ಹಾಕಿದ ದಿನಾಂಕ, ಆ ದಿನದ ಕ್ವಾಲಿಟಿ, ಚಂದನದ ನಂಬರು. ಆ ನಂಬರು ಮಾತ್ರ ಅಮ್ಮ ತಮ್ಮ ಕೈಯಲ್ಲೇ, ದೊಡ್ಡ ಅಕ್ಷರದಲ್ಲಿ ಬರೆದದ್ದು.